ಸಹಾಯ ಬೇಕು: 22 ಅಡಿಯ ದೋಣಿಗೆ ಯಾವ ಮ್ಯಾಟ್, ಯಾವ ರೆಸಿನ್?

ದೋಣಿ ಕೆಲಸ ಬಲ್ಲ ಹಿರಿಯರಿಗೆ ನಮಸ್ಕಾರ. ಮಲ್ಪೆಯಲ್ಲಿ ಬಲೆ ಮೀನುಗಾರಿಕೆಗೆಂದು 22 ಅಡಿಯ ಫೈಬರ್ ದೋಣಿಯೊಂದನ್ನು ಕಟ್ಟಿಸಲಿದ್ದೇನೆ; ಅಂದರೆ ಗಾಜಿನ ಎಳೆಗಳ ಹಾಸನ್ನು (ಮ್ಯಾಟ್) ಗಟ್ಟಿಯಾಗುವ ಅಂಟುದ್ರವದಲ್ಲಿ (ರೆಸಿನ್) ತೋಯಿಸಿ ಪದರಪದರವಾಗಿ ಕಟ್ಟುವ ದೋಣಿ. ಹಳೆಯ ದೋಣಿಯ ತಳದಲ್ಲಿ ಕಡಲೆಕಾಳಿನಷ್ಟು ದೊಡ್ಡ ಗುಳ್ಳೆಗಳೆದ್ದು, ಚುಚ್ಚಿದರೆ ಹುಳಿ ವಾಸನೆಯ ನೀರು ಒಸರುತ್ತಿದ್ದುದರಿಂದ, ಈ ಬಾರಿ ಅಗ್ಗದ ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ ಬೇಡವೆಂದು ನಿರ್ಧರಿಸಿದ್ದೇನೆ. ಎಪಾಕ್ಸಿ ಎಂಬ ಇನ್ನೊಂದು ರೆಸಿನ್ ದುಬಾರಿ, ಮೇಲಾಗಿ ಅದರಲ್ಲಿ ಸ್ಟೈರೀನ್ ಎಂಬ ಕರಗಿಸುವ ದ್ರವ ಇಲ್ಲದ ಕಾರಣ ಸಾಮಾನ್ಯ ಮ್ಯಾಟಿನ ಎಳೆಗಳನ್ನು ಹಿಡಿದಿರುವ ಅಂಟು ಕರಗದೆ ಮ್ಯಾಟ್ ಸರಿಯಾಗಿ ತೋಯುವುದಿಲ್ಲ.

ಜೆಲ್‌ಕೋಟಿನ (ಹೊರಮೈಯ ನುಣುಪು ಲೇಪದ) ಹಿಂದೆ ಚದರ ಮೀಟರಿಗೆ 300 ಗ್ರಾಂ ತೂಕದ ಮ್ಯಾಟಿನ ಎರಡು ಪದರ, ಆಮೇಲೆ 450 ಗ್ರಾಂ ಮ್ಯಾಟ್ ಮತ್ತು 600 ಗ್ರಾಂ ವೋವನ್ ರೋವಿಂಗನ್ನು (ದಪ್ಪ ಗಾಜಿನೆಳೆಗಳ ನೇಯ್ಗೆ) ಒಂದರ ಮೇಲೊಂದು ಹಾಕುವ ಯೋಚನೆಯಿದೆ. ಹೊರಗಿನ ಆ 300 ಗ್ರಾಂನ ಎರಡು ಪದರಗಳಿಗೆ ಮಾತ್ರ ನೀರನ್ನು ಚೆನ್ನಾಗಿ ತಡೆಯುವ ವಿನೈಲ್ ಎಸ್ಟರ್ ರೆಸಿನ್ ಬಳಸಿ, ಉಳಿದುದಕ್ಕೆ ಐಸೋಫ್ತಾಲಿಕ್ ರೆಸಿನ್ (ಸಾಮಾನ್ಯದಕ್ಕಿಂತ ಉತ್ತಮ ದರ್ಜೆಯ ಪಾಲಿಯೆಸ್ಟರ್) ಹಾಕಿದರೆ ಸಾಕಾಗುವುದೇ? ತಳಕ್ಕೆ ಎಳೆಗಳನ್ನು ಪುಡಿ ಅಂಟಿನಿಂದ ಹಿಡಿದ ಪೌಡರ್ ಮ್ಯಾಟ್ ಒಳ್ಳೆಯದೋ, ದ್ರವ ಅಂಟಿನಿಂದ ಹಿಡಿದ ಎಮಲ್ಷನ್ ಮ್ಯಾಟೋ? ಅನುಭವಸ್ಥರು ದಯವಿಟ್ಟು ತಿಳಿಸಬೇಕು.