ಕ್ಯಾಲ್ಗರಿ ಸೋಲಬೇಕಾ? ನಮ್ಮ ‘ಶಹಾಪುರ ಮನೆ’ ಗುಂಪಿನ ಭಾನುವಾರ

2025ರ ಸೆಪ್ಟೆಂಬರಿನ ಒಂದು ಭಾನುವಾರ ಮಧ್ಯಾಹ್ನ ಗೋಕಾಕದ ತಮ್ಮ ನಮ್ಮ ‘ಶಹಾಪುರ ಮನೆ’ ವಾಟ್ಸಾಪ್ ಗುಂಪಿಗೆ ಒಂದು ಉದ್ದ ಫಾರ್ವರ್ಡ್ ಹಾಕಿದ. ಎನ್‌ಎಚ್‌ಎಲ್ ಅನ್ನುವ ಐಸ್ ಹಾಕಿ ಲೀಗ್‌ನ 32 ತಂಡಗಳಲ್ಲಿ 2025–26ರ ಸೀಸನ್‌ನಲ್ಲಿ ಯಾರ ಗತಿ ಏನು ಅಂತ ಯಾರೋ ಬರೆದದ್ದು. ಕೆನಡಾದ ಕ್ಯಾಲ್ಗರಿ ಫ್ಲೇಮ್ಸ್ ತಂಡದ ಹೆಸರಿಗೆ ಕೆಂಪು ಗೆರೆ ಎಳೆದು ಕೆಳಗೆ ತನ್ನದೊಂದು ಸಾಲು ಸೇರಿಸಿದ್ದ: “ಅಣ್ಣನ ಟೀಮು ಈ ಸಲ ತಳಕ್ಕಂತೆ. ಬೇಕಂತ ಸೋತರೇ ಲಾಭ ಅಂತ ಬರೆದಿದ್ದಾರೆ ನೋಡ್ರಿ!”

ಅಣ್ಣ ಅಂದರೆ ನನ್ನ ಒಡಹುಟ್ಟಿದ ಅಣ್ಣ. ಕ್ಯಾಲ್ಗರಿಯಲ್ಲೇ ಮನೆ ಮಾಡಿದ್ದಾನೆ. ಅವನಿಂದ ಈ ಆಟದ ಹುಚ್ಚು ನನಗೂ ಹತ್ತಿದೆ. ಅಲ್ಲಿ ಸಂಜೆ ಏಳಕ್ಕೆ ಪಂದ್ಯ ಶುರುವಾದರೆ ಬೆಳಗಾವಿಯಲ್ಲಿ ಬೆಳಿಗ್ಗೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಒಲೆ ಮೇಲೆ ಚಹಾ, ಕಟ್ಟೆ ಮೇಲೆ ಫೋನು. ಹಾಗಾಗಿ ಈ ತಂಡದ ವಿಷಯ ನನಗೆ ತಮಾಷೆಯಲ್ಲ.

ಗೋಕಾಕದ ತಮ್ಮನಿಗೆ ಐಸ್ ಹಾಕಿಯ ಗಂಧಗಾಳಿ ಇಲ್ಲ. ಅವನು ಆರ್‌ಸಿಬಿಯವನು. ಕಪ್ ಇಲ್ಲದ ಕಾಲದಲ್ಲಿ ಅಣ್ಣ ಅವನನ್ನು ಪ್ರತಿ ಮೇ ತಿಂಗಳು ಗೋಳು ಹೊಯ್ದುಕೊಂಡಿದ್ದ. ಜೂನ್ 3ರಂದು ಆರ್‌ಸಿಬಿ ಕಪ್ ಎತ್ತಿದಾಗಿನಿಂದ ತಮ್ಮ ಸಮಯ ಕಾಯುತ್ತಿದ್ದ. ಈ ಫಾರ್ವರ್ಡ್ ಕೈಗೆ ಸಿಕ್ಕಿತು, ತಳ್ಳಿದ. ಪೂರ್ತಿ ಓದಿರಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು.

ಮೊದಲು ಉತ್ತರ ಕೊಟ್ಟವರು ಕಾಕು. “ಈಗಷ್ಟೇ ಏಷ್ಯಾ ಕಪ್ ಗೆದ್ದಿದ್ದಾರಲ್ಲ, ಅವರು ಯಾಕಪ್ಪಾ ಸೋಲ್ತಾರೆ?” ಅವರ ಲೆಕ್ಕದಲ್ಲಿ ಹಾಕಿ ಅಂದರೆ ಹರ್ಮನ್‌ಪ್ರೀತ್ ತಂಡ. ಸೆಪ್ಟೆಂಬರ್ 7ಕ್ಕೆ ರಾಜಗೀರ್‌ನಲ್ಲಿ ಕೊರಿಯಾವನ್ನು 4–1ರಿಂದ ಸೋಲಿಸಿದ್ದನ್ನು ಕೂತು ನೋಡಿದವರು ಅವರು. “ಕಾಕು, ಇದು ಬರ್ಫಿನ ಮೇಲೆ ಆಡೋದು” ಅಂತ ತಮ್ಮ ಬರೆದ.

ಅಷ್ಟರಲ್ಲಿ ಪುಣೆ ಅಕ್ಕ ಬಂದಳು. ಅಕ್ಕ ಆಡಿಟರ್. ಯಾವ ಮೆಸೇಜ್ ಬಂದರೂ ಅವಳದು ಒಂದೇ ಪ್ರಶ್ನೆ. “ಯಾರು ಬರೆದದ್ದು? ತಾರೀಖು ಎಲ್ಲಿದೆ? ಯಾವ ಲೆಕ್ಕದ ಮೇಲೆ ತಳಕ್ಕೆ ಅಂತಾರೆ?” ನ್ಯಾಯವಾದ ಪ್ರಶ್ನೆಯೇ. ಆ ಫಾರ್ವರ್ಡಿನಲ್ಲಿ ಬರೆದವರ ಹೆಸರಿರಲಿಲ್ಲ, ತಾರೀಖೂ ಇರಲಿಲ್ಲ. ಆದರೆ ತಮ್ಮ ಉತ್ತರ ಕೊಡುವ ಬದಲು ಹಳೇ ಕಡತ ತೆಗೆದ. “2016ರಲ್ಲಿ ಎರಡು ಸಾವಿರದ ನೋಟಿನಲ್ಲಿ ಚಿಪ್ ಇದೆ ಅಂತ ಈ ಗುಂಪಿಗೆ ಕಳಿಸಿದ್ದು ಯಾರಕ್ಕಾ? ಅದಕ್ಕೆ ಆಧಾರ ಇತ್ತಾ?” ಅಲ್ಲಿಗೆ ಫ್ಲೇಮ್ಸ್ ಮೂಲೆಗೆ ಬಿತ್ತು. ನೋಟಿನ ಚಿಪ್ ಯಾರು ಮೊದಲು ಕಳಿಸಿದ್ದು, ಯಾರು ನಂಬಿದ್ದು, ಅಕ್ಕ ಅದನ್ನು ಸುಳ್ಳು ಅಂತ ಹೇಳಲಿಕ್ಕೇ ಕಳಿಸಿದ್ದಳಾ ಇಲ್ಲವಾ, ಇದೇ ನಡೆಯಿತು.

ದೊಡ್ಡ ಕಾಕಾ ಮಲಗಿ ಎದ್ದವರು ಎಲ್ಲವನ್ನೂ ನೋಡಿ ಬರೆದರು. ಅವರು ಪಿ.ಟಿ. ಮಾಸ್ತರಾಗಿ ರಿಟೈರ್ ಆದವರು. “ಬೇಕಂತ ಸೋಲುವುದು ಆಟಕ್ಕೆ ಮಾಡುವ ದ್ರೋಹ. ನಾನು ಶಾಲೆಯಲ್ಲಿ ಒಬ್ಬ ಹುಡುಗನಿಗೂ ಹೀಗೆ ಹೇಳಿಕೊಟ್ಟಿಲ್ಲ. ಲಾಭ ನೋಡಿ ಆಡುವವರ ಸುದ್ದಿ ಈ ಗುಂಪಿಗೆ ಬೇಡ.” ಅವರ ಮಾತು ನನಗೆ ಪೂರ್ತಿ ಒಪ್ಪಿಗೆ. ಆದರೆ ಯಾಕೆ ಸೋತರೆ ಲಾಭ ಅಂತ ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಲಿಲ್ಲ.

ಸಣ್ಣ ಕಾಕಾನಿಗೆ ಮಾತ್ರ ‘ಹಾಕಿ’ ಅನ್ನುವ ಶಬ್ದ ಸಾಕಾಯಿತು. ನಮ್ಮ ಬೆಳಗಾವಿಯ ಬಂಡು ಪಾಟೀಲರಿಂದ ಶುರು ಮಾಡಿದರು. 1964ರ ಟೋಕಿಯೋ ಒಲಿಂಪಿಕ್ಸ್, ಫೈನಲ್‌ನಲ್ಲಿ ಪಾಕಿಸ್ತಾನದ ಮೇಲೆ 1–0, ಚಿನ್ನ. ಆ ತಂಡದಲ್ಲಿ ನಮ್ಮೂರಿನವರು ಅಂತ ಅಜ್ಜ ಹೇಳುತ್ತಿದ್ದರಂತೆ. ಆಮೇಲೆ ಕ್ಯಾಂಪ್ ಕಡೆಯ ಮೈದಾನ. ಶಿನ್ ಗಾರ್ಡ್ ಕೊಳ್ಳಲು ದುಡ್ಡಿಲ್ಲದೆ ಕಾಲುಚೀಲದೊಳಗೆ ಹಳೇ ಪೇಪರ್ ಮಡಚಿ ತುಂಬಿಕೊಂಡು ಆಡುತ್ತಿದ್ದದ್ದು, ಮಳೆ ಬಂದರೆ ಆ ಪೇಪರ್ ಒದ್ದೆಯಾಗಿ ಮೊಣಕಾಲಿನ ಕೆಳಗೆ ಅಚ್ಚು ಕಪ್ಪಗೆ ಇಳಿಯುತ್ತಿದ್ದದ್ದು. ಇದನ್ನೆಲ್ಲ ನಾನು ಖುಷಿಯಿಂದಲೇ ಓದಿದೆ. ಕೊನೆಯಲ್ಲಿ ಸುಮ್ಮನಿರದೆ “ನನ್ನ ಸ್ಟಿಕ್ ಒಯ್ದವರು ಇನ್ನೂ ವಾಪಸ್ ಕೊಟ್ಟಿಲ್ಲ, ಅವರು ಇದೇ ಗುಂಪಿನಲ್ಲಿದ್ದಾರೆ” ಅಂದರು. ದೊಡ್ಡ ಕಾಕಾ ಬಿಡ್ತಾರಾ? “ಅದು ಅಪ್ಪ ನನಗೆ ಕೊಡಿಸಿದ್ದು. ನೀನು ಬರೀ ಬಳಸುತ್ತಿದ್ದೆ.”

ಸ್ಟಿಕ್ಕಿನ ಮಾತು ಬಂದದ್ದೇ ಖಾನಾಪುರದ ಅತ್ತಿ ಜರ್ಸಿ ನೆನಪು ಮಾಡಿಕೊಂಡರು. 2022ರ ಬೇಸಿಗೆಯಲ್ಲಿ ಅಣ್ಣ ಒಂದು ಕೆಂಪು ಜರ್ಸಿ ಕಳಿಸಿದ್ದ. ಎದೆ ಮೇಲೆ ಬೆಂಕಿ ಹತ್ತಿದ ‘ಸಿ’ ಅಕ್ಷರ, ಬೆನ್ನಿಗೆ 13, ಜಾನಿ ಗಾಡ್ರೋ ಅಂತ ಹೆಸರು. ಅದು ಗೋಕಾಕದ ತಮ್ಮನಿಗೆ ಹೋಯಿತು, ಅತ್ತಿಯ ಮಗನಿಗೆ ಸಿಗಲಿಲ್ಲ. “ನಮ್ಮ ಹುಡುಗ ಕೇಳಿ ಕೇಳಿ ಬಿಟ್ಟ. ಅವನೂ ಮೊಮ್ಮಗನೇ ಅಲ್ವಾ?” ಅಂತ ಅತ್ತಿ. ಅದಕ್ಕೆ ತಮ್ಮ, “ಅತ್ತೀ, ಒಯ್ಯಿರಿ, ನನಗೂ ಬೇಡ. ಟೀಮ್ ಬಿಟ್ಟು ಓಡಿಹೋದವನ ಜರ್ಸಿ ಅದು.”

ಅಲ್ಲಿ ನಾನು ತಡೆದೆ. ಗಾಡ್ರೋ ಆ ಜುಲೈನಲ್ಲಿ ಕೊಲಂಬಸ್ ತಂಡಕ್ಕೆ ಹೋದದ್ದು ನಿಜ. ಒಪ್ಪಂದ ಮುಗಿದಿತ್ತು, ತನ್ನ ಮನೆಯವರಿಗೆ ಹತ್ತಿರ ಇರಬೇಕು ಅಂತ ಹೋದ. 2024ರ ಆಗಸ್ಟ್ 29ರಂದು, ತಂಗಿಯ ಮದುವೆಯ ಹಿಂದಿನ ದಿನ, ಅವನೂ ಅವನ ತಮ್ಮನೂ ಸೈಕಲ್ ಮೇಲೆ ಹೋಗುತ್ತಿದ್ದಾಗ ಕಾರು ಹೊಡೆದು ಇಬ್ಬರೂ ಹೋದರು. ಅವನನ್ನು ಓಡಿಹೋದವನು ಅನ್ನಬೇಡ ಅಂತ ಬರೆದೆ. ತಮ್ಮ ತಕ್ಷಣ ಆ ಮೆಸೇಜ್ ಅಳಿಸಿದ. “ಗೊತ್ತಿರಲಿಲ್ಲ ಅಕ್ಕಾ” ಅಂದ. ಅವನು ಒಳ್ಳೆಯ ಹುಡುಗ.

ಗುಂಪು ಸ್ವಲ್ಪ ತಣ್ಣಗಾದಾಗ ಆ ಫಾರ್ವರ್ಡ್ ಪೂರ್ತಿ ಓದಿ ಅಂತ ಎಲ್ಲರಿಗೂ ಹೇಳಿದೆ. ಅದರ ಕೊನೆಯ ಸಾಲಿನಲ್ಲಿ, ಕಳೆದ ವರ್ಷವೂ ಈ ತಂಡ ತಳಕ್ಕೆ ಅಂತಲೇ ಬಹಳ ಜನ ಹೇಳಿದ್ದರು, ಹಾಗಾಗಲಿಲ್ಲ ಅಂತ ಬರೆದಿತ್ತು. ಆದದ್ದು ಇಷ್ಟು. 82 ಪಂದ್ಯ, 41 ಗೆಲುವು, 96 ಅಂಕ. ಸೇಂಟ್ ಲೂಯಿಸ್ ತಂಡಕ್ಕೂ 96. ಪ್ಲೇಆಫ್‌ಗೆ ಉಳಿದಿದ್ದು ಒಂದೇ ಜಾಗ. ಅಂಕ ಸಮ ಆದರೆ ಹೆಚ್ಚುವರಿ ಸಮಯಕ್ಕೆ ಹೋಗದೆ, ನಿಗದಿತ 60 ನಿಮಿಷದಲ್ಲೇ ಗೆದ್ದ ಪಂದ್ಯ ಎಷ್ಟು ಅಂತ ಎಣಿಸುತ್ತಾರೆ. ಅವರದು 32, ನಮ್ಮದು 31. ಅಷ್ಟಕ್ಕೇ ಮನೆಗೆ ಬಂದರು. ಇದನ್ನು ಓದಿ ಪುಣೆ ಅಕ್ಕ ಮೊದಲ ಸಲ “ಇದು ಲೆಕ್ಕ” ಅಂತ ಹೆಬ್ಬೆರಳು ಒತ್ತಿದಳು.

ಸಂಜೆ ಆರೂವರೆಗೆ ಅಣ್ಣ ಎದ್ದ. ಅಲ್ಲಿ ಆಗಷ್ಟೇ ಬೆಳಗಾಗಿತ್ತು. ತಮ್ಮನ ಮೇಲೆ ಹರಿಹಾಯುತ್ತಾನೆ ಅಂದುಕೊಂಡಿದ್ದೆವು. ಅವನ ಧ್ವನಿ ಸಂದೇಶದ ಮೊದಲ ಮಾತೇ “ತಮ್ಮ ಹೇಳಿದ್ದು ಸರಿ. ಈ ವರ್ಷ ಸೋಲಲಿ” ಅಂತ.

ಅವನ ವಾದ ಹೀಗೆ. ಪ್ರತಿ ಜೂನ್‌ನಲ್ಲಿ ಡ್ರಾಫ್ಟ್ ನಡೆಯುತ್ತದೆ, ಹದಿನೆಂಟರ ಆಸುಪಾಸಿನ ಹುಡುಗರನ್ನು ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ. ಹೆಚ್ಚು ಸೋತವರಿಗೆ ಸರದಿ ಮುಂದೆ ಬರುತ್ತದೆ. (“ಅಂದ್ರೆ ಹಸಿದವರಿಗೆ ಮೊದಲು ಬಡಿಸೋ ಪಂಕ್ತಿ” ಅಂತ ಕಾಕು ಮಧ್ಯೆ ಬರೆದರು. ಸರಿಯಾಗಿಯೇ ಹಿಡಿದಿದ್ದರು.) ನಡುವೆ ಇರುವ ತಂಡಕ್ಕೆ ಪ್ಲೇಆಫ್ ಕೂಡ ಇಲ್ಲ, ಒಳ್ಳೆಯ ಹುಡುಗನೂ ಇಲ್ಲ. ಫ್ಲೇಮ್ಸ್ 1980ರಲ್ಲಿ ಅಟ್ಲಾಂಟಾದಿಂದ ಕ್ಯಾಲ್ಗರಿಗೆ ಬಂದದ್ದು, 1989ರಲ್ಲಿ ಲೀಗ್‌ನ ಸ್ಟ್ಯಾನ್ಲಿ ಕಪ್ ಗೆದ್ದದ್ದು, ಆಮೇಲೆ ಇಲ್ಲ. ಕ್ಯಾಲ್ಗರಿಗೆ ಬಂದ ಮೇಲೆ ಡ್ರಾಫ್ಟಿನಲ್ಲಿ ಸಿಕ್ಕ ಅತಿ ಮೇಲಿನ ಸರದಿ ಅಂದರೆ ನಾಲ್ಕನೆಯದು, ಅದೂ 2014ರಲ್ಲಿ ಒಮ್ಮೆ. 2023, 2024, 2025 ಮೂರೂ ವರ್ಷ ಪ್ಲೇಆಫ್ ಇಲ್ಲ. 96 ಅಂಕ ತೆಗೆದರೂ ಈ ಸಲದ ಸ್ವಂತ ಸರದಿ ಹಳೆಯ ವ್ಯವಹಾರದಲ್ಲಿ ಮಾಂಟ್ರಿಯಲ್ ತಂಡದ ಪಾಲಾಯಿತು. 2026ರ ಡ್ರಾಫ್ಟಿನಲ್ಲಿ ಗ್ಯಾವಿನ್ ಮೆಕೆನ್ನಾ ಅನ್ನುವ ಹುಡುಗನ ಮೇಲೆ ಎಲ್ಲರಿಗೂ ಕಣ್ಣು. 1983ರ ಸ್ಯಾಡಲ್‌ಡೋಮ್ ಬಿಟ್ಟು 2027ಕ್ಕೆ ಹೊಸ ಕ್ರೀಡಾಂಗಣಕ್ಕೆ ಹೋಗುವ ಯೋಜನೆ ಇದೆ. ಅಷ್ಟರಲ್ಲಿ ಅಂಥವನೊಬ್ಬ ತಂಡದಲ್ಲಿರಬೇಕು. “ನಡುವಿನಲ್ಲಿ ಒದ್ದಾಡೋದು ಸಾಕಾಗಿದೆ. ಒಂದು ವರ್ಷ ಪೂರ್ತಿ ಸೋತುಬಿಡಲಿ” ಅಂದಾಗ ಅವನ ಧ್ವನಿಯಲ್ಲಿ ನಿಜವಾದ ಬೇಸರ ಇತ್ತು. ಟಿಕೆಟ್ಟಿಗೆ ದುಡ್ಡು ಕೊಟ್ಟು, ಮೈನಸ್ ಇಪ್ಪತ್ತರ ಚಳಿಯಲ್ಲಿ ಹೋಗಿ ಕೂತು ನೋಡುವವನು ಅವನು. ಅವನ ಬೇಸರವನ್ನು ಹಗುರ ಮಾಡಲಾರೆ.

ಆದರೂ ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಗುಂಪಿನಲ್ಲಿ ಬರೆದದ್ದನ್ನೇ ಇಲ್ಲಿ ಬರೆಯುತ್ತೇನೆ. ಕೊನೆಯ ಸ್ಥಾನಕ್ಕೆ ಇಳಿದರೂ ಮೊದಲ ಸರದಿ ಖಾತ್ರಿಯಿಲ್ಲ, ಲಾಟರಿ ಎತ್ತುತ್ತಾರೆ. ಕೊನೆಯವರಿಗೆ ಮೊದಲ ಸರದಿ ಸಿಗುವ ಸಾಧ್ಯತೆ ನೂರಕ್ಕೆ 25.5. ಈ ಸಲ ಕೊನೆಗೆ ಬಂದದ್ದು ಸ್ಯಾನ್ ಹೋಸೆ, ಲಾಟರಿ ಹೊಡೆದದ್ದು ನ್ಯೂಯಾರ್ಕ್ ಐಲ್ಯಾಂಡರ್ಸ್. ಬಫಲೋಗೆ 2018 ಮತ್ತು 2021ರಲ್ಲಿ ಮೊದಲ ಸರದಿಯೇ ಸಿಕ್ಕಿತು. 2011ರ ನಂತರ 2025ರ ತನಕ ಅವರು ಪ್ಲೇಆಫ್ ಮುಖ ನೋಡಿರಲಿಲ್ಲ. ಪಕ್ಕದ ಎಡ್ಮಂಟನ್‌ಗೆ 2010ರಿಂದ 2015ರೊಳಗೆ ನಾಲ್ಕು ಸಲ ಮೊದಲ ಸರದಿ ಬಂತು. ಮೆಕ್‌ಡೇವಿಡ್‌ನಂಥ ಆಟಗಾರ ಸಿಕ್ಕ. 2024, 2025 ಎರಡೂ ಫೈನಲ್ ಫ್ಲೋರಿಡಾಕ್ಕೆ ಸೋತರು. ಇನ್ನು ಸೇಂಟ್ ಲೂಯಿಸ್, 2019ರ ಜನವರಿ ಮೊದಲ ವಾರ ಇಡೀ ಲೀಗ್‌ನಲ್ಲಿ ಕೊನೆಗಿತ್ತು, ಜೂನ್‌ನಲ್ಲಿ ಅದೇ ತಂಡ ಕಪ್ ಎತ್ತಿತು. ಜನವರಿಯಲ್ಲಿ ಅವರು ಕೈಚೆಲ್ಲಿದ್ದರೆ?

ಎಲ್ಲಕ್ಕಿಂತ ದೊಡ್ಡ ಮಾತು ನಮ್ಮ ಗೋಲಿಯದು, ಅಂದರೆ ಗೋಲ್‌ಕೀಪರನದು. ಡಸ್ಟಿನ್ ವುಲ್ಫ್. 2019ರ ಡ್ರಾಫ್ಟಿನಲ್ಲಿ 217 ಹುಡುಗರನ್ನು ಆರಿಸಿದರು, ಇವನು 214ನೆಯವನು. ಗೋಲಿಗೆ ಬೇಕಾದ ಎತ್ತರ ಇಲ್ಲ ಅಂತ ಎಲ್ಲರೂ ಬಿಟ್ಟವರೇ. ಕಳೆದ ಸೀಸನ್‌ನಲ್ಲಿ ಅವನು ಇಡೀ ಲೀಗ್‌ನ ಹೊಸಬರ ಪ್ರಶಸ್ತಿಯ ಮತದಲ್ಲಿ ಎರಡನೆಯವನಾದ. ಮೊನ್ನೆ ಏಳು ವರ್ಷಕ್ಕೆ 5.25 ಕೋಟಿ ಡಾಲರ್ ಒಪ್ಪಂದಕ್ಕೆ ಸಹಿ ಹಾಕಿದ. ಅವನು ಪಕ್, ಅಂದರೆ ಚೆಂಡಿನ ಬದಲಿಗಿರುವ ಬಿಲ್ಲೆ, ತಡೆಯುವಾಗ ಗಮನಿಸಿ ನೋಡಿ. ಎದುರಿನವನು ಸ್ಟಿಕ್ ಎತ್ತುವ ಮೊದಲೇ ಇವನ ಬಲಗಾಲು ಕಂಬಕ್ಕೆ ಒತ್ತಿರುತ್ತದೆ, ಕೈಗವಸು ಸೊಂಟದ ಮಟ್ಟಕ್ಕೆ ಬಂದಿರುತ್ತದೆ. ಸುಮ್ಮನೆ ನಿಂತಂತೆ ಕಾಣುತ್ತಾನೆ. ಇಂಥವನನ್ನು ಗೋಲಿನಲ್ಲಿ ನಿಲ್ಲಿಸಿ, ಹೊರಗಿನಿಂದ ಸೋಲು ಬಯಸುವುದು ಹೇಗೆ?

ಇದನ್ನು ಓದಿ ದೊಡ್ಡ ಕಾಕಾ “ಶಭಾಷ್” ಅಂದರು. ಅಣ್ಣ ಮಾತ್ರ ಜಗ್ಗಲಿಲ್ಲ. “ಗೋಲಿ ಒಬ್ಬನೇ ಗೋಲು ಹೊಡೀತಾನಾ?” ಅಂತ ಕೇಳಿದ. ಅದು ಸರಿಯಾದ ಏಟು. ಕಳೆದ ಸೀಸನ್‌ನಲ್ಲಿ ಗೋಲು ಹೊಡೆಯುವುದರಲ್ಲಿ ನಾವು ಲೀಗ್‌ನ ತಳದ ಗುಂಪಿನಲ್ಲಿದ್ದೆವು. 35 ಗೋಲು ಹೊಡೆದ ನಾಜೆಂ ಕದ್ರಿ ಈ ಅಕ್ಟೋಬರಿಗೆ 35ಕ್ಕೆ ಕಾಲಿಡುತ್ತಾನೆ. ಇನ್ನೊಬ್ಬ ಆಟಗಾರ ಹ್ಯೂಬರ್‌ಡೋಗೆ ವರ್ಷಕ್ಕೆ 1.05 ಕೋಟಿ ಡಾಲರ್, ಆ ಒಪ್ಪಂದ 2031ರ ತನಕ. ಗೋಲು ಹೊಡೆಯುವ ಮುಂಚೂಣಿ ಸಾಲಿಗೆ ಹೊಸಬರು ಬರದಿದ್ದರೆ ಈ ವರ್ಷ ಪ್ಲೇಆಫ್ ಕಷ್ಟ, 96 ಅಂಕ ಮತ್ತೆ ಬರುವುದೂ ಕಷ್ಟ. ಇದನ್ನು ನಾನೂ ಗುಂಪಿನಲ್ಲಿ ಬರೆದೆ. ಆದರೆ ಹೊಸಬರನ್ನು ಆಡಿಸಿ ಸೋಲುವುದು ಬೇರೆ, ಸೋಲಲಿಕ್ಕೆ ಆಡುವುದು ಬೇರೆ. ಝೇನ್ ಪರೇಖ್ ಅಂತ ಹುಡುಗ ಇದ್ದಾನೆ, ಡಿಫೆನ್ಸ್‌ನಲ್ಲಿ ಆಡುವವನು. ಏಪ್ರಿಲ್‌ನಲ್ಲಿ ಸೀಸನ್‌ನ ಕೊನೆಯ ಪಂದ್ಯ, ಅವನಿಗೆ ಮೊದಲನೆಯದು. ಅದರಲ್ಲೇ ಗೋಲು ಹೊಡೆದ. ಅವನಿಗೆ ಬೆಂಚು ಕಾಯಿಸದೆ ನಿಮಿಷ ಕೊಡಲಿ. ಆಡಿ ಕಲಿಯುವಾಗ ಸೋತರೆ ಸೋಲಲಿ. ಅದು ನನಗೆ ನೋವಿಲ್ಲ.

ರಾತ್ರಿ ಹೊತ್ತಿಗೆ ಗುಂಪು ಮತ್ತೆ ಸ್ಟಿಕ್ಕಿಗೆ ಮರಳಿತ್ತು. ಅದು ಅಟ್ಟದ ಮೇಲೆ ಇದೆ ಅಂತ ಕಾಕು ಹೇಳಿದರು, ಯಾರದು ಅಂತ ಮಾತ್ರ ಹೇಳಲಿಲ್ಲ. ಅತ್ತಿ ಮಗನ ಜರ್ಸಿ ಅಳತೆ ಕಳಿಸಿದರು. ಪುಣೆ ಅಕ್ಕ ನನ್ನ ಮೆಸೇಜಿಗೂ ಅಣ್ಣನ ಮೆಸೇಜಿಗೂ ಸ್ಟಾರ್ ಹಾಕಿಟ್ಟಿದ್ದಾಳೆ, ಏಪ್ರಿಲ್‌ನಲ್ಲಿ ತೆಗೆಯುತ್ತಾಳಂತೆ.

ಅಣ್ಣನಿಗೆ ಬೇರೆಯಾಗಿ ಒಂದು ಮೆಸೇಜ್ ಹಾಕಿದೆ. ಅಕ್ಟೋಬರ್ 8ಕ್ಕೆ ಎಡ್ಮಂಟನ್‌ನಲ್ಲಿ ಶುರು, 11ಕ್ಕೆ ತವರಿನ ಮೊದಲ ಪಂದ್ಯ, ಎದುರಿಗೆ ಅದೇ ಸೇಂಟ್ ಲೂಯಿಸ್. ಅದನ್ನೂ ಸೋಲಬೇಕಾ ಅಂತ ಕೇಳಿದೆ. ಬಹಳ ಹೊತ್ತು ನೀಲಿ ಗೆರೆ ಮಾತ್ರ ಇತ್ತು. ಆಮೇಲೆ ಬರೆದ: “ಅದೊಂದು ಬೇಡ. ಅದನ್ನು ಗೆಲ್ಲಲೇಬೇಕು.”