ತುರ್ತು: ಯಕ್ಷಗಾನದಲ್ಲಿ ಭಾಗವತಿಕೆ ಮಾಡುವ ಹೆಣ್ಣುಮಗಳನ್ನು ಏನೆಂದು ಬರೆಯುವುದು?

ಬಿಜೈ, ಮಂಗಳೂರು:
ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆಯೊಳಗೆ ಎರಡು ಪದ ತೀರ್ಮಾನ ಆಗಬೇಕು, ನಾಳೆ ಬೆಳಗ್ಗೆ ಬ್ಯಾನರ್, ಸನ್ಮಾನಪತ್ರ ಎರಡೂ ಅಚ್ಚಿಗೆ. ಕಲೆ, ಸಂಸ್ಕೃತಿ, ಮಾಧ್ಯಮಗಳಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಸಿಗಬೇಕು ಎನ್ನುವ ಗೋಷ್ಠಿ, ಪುರಭವನದಲ್ಲಿ. ಸಂಜೆ ಒಂದು ಯಕ್ಷಗಾನ ಪ್ರಸಂಗವೂ ಉಂಟು. ಇಂಗ್ಲಿಷಿನ ಕರಪತ್ರವನ್ನು ಕನ್ನಡಕ್ಕೆ ತರುತ್ತಿರುವುದು ನಾನು. 1995ರ ಬೀಜಿಂಗ್ ವಿಶ್ವ ಮಹಿಳಾ ಸಮ್ಮೇಳನ ಗುರುತಿಸಿದ 12 ಮುಖ್ಯ ವಿಷಯಗಳಲ್ಲಿ ಮಾಧ್ಯಮವೂ ಒಂದು ಎಂದು ಅದು ಶುರುವಾಗುತ್ತದೆ. ಅಲ್ಲೇನೂ ತೊಂದರೆ ಆಗಲಿಲ್ಲ. ಸಿಕ್ಕಿಬಿದ್ದದ್ದು ನಮ್ಮೂರಿನ ಭಾಗದಲ್ಲಿ.

ಬ್ಯಾನರಿಗೆ "ಲಿಂಗ ಸಮಾನತೆ" ಸಾಕೋ, "ಲಿಂಗತ್ವ ಸಮಾನತೆ" ಬೇಕೋ? ಇನ್ನೊಂದು, ಸನ್ಮಾನ ಆಗುವವರಲ್ಲಿ ಒಬ್ಬರು ತೆಂಕುತಿಟ್ಟಿನಲ್ಲಿ, ಅಂದರೆ ಯಕ್ಷಗಾನದ ದಕ್ಷಿಣದ ಶೈಲಿಯಲ್ಲಿ, ಭಾಗವತಿಕೆ ಮಾಡುವ (ಪದ್ಯ ಹಾಡಿ ಆಟ ನಡೆಸುವ) ಹೆಂಗಸು. ಪೇಪರಿನಲ್ಲಿ "ಮಹಿಳಾ ಭಾಗವತ", "ಭಾಗವತೆ", "ಮಹಿಳಾ ಭಾಗವತೆ" ಮೂರೂ ಕಂಡಿದ್ದೇನೆ. ಯಾವುದನ್ನು ಹಾಕಲಿ?

ಕುಂಜಿಬೆಟ್ಟು, ಉಡುಪಿ:
"ಭಾಗವತೆ" ಅಪಶಬ್ದ. ಸಂಸ್ಕೃತದಲ್ಲಿ ಭಗವತ್ ಶಬ್ದದ ಮೇಲೆ ಅಣ್ ಪ್ರತ್ಯಯ ಬಂದು ಭಾಗವತ. ಅಣ್ ಕೊನೆಯಲ್ಲಿರುವ ಶಬ್ದಕ್ಕೆ ಸ್ತ್ರೀಲಿಂಗದಲ್ಲಿ ಙೀಪ್, ಅಂದರೆ ಈಕಾರ. ವೈಷ್ಣವ–ವೈಷ್ಣವಿ ಹೇಗೋ ಭಾಗವತ–ಭಾಗವತಿ ಹಾಗೆ. ಪತ್ರಿಕೆಯವರು ಕಲಾವಿದೆಯ ಎಕಾರವನ್ನು ಕಂಡಕಂಡಲ್ಲಿ ಅಂಟಿಸುತ್ತಾರೆ. ಬ್ಯಾನರಿಗೆ "ಲಿಂಗ ಸಮಾನತೆ" ಸಾಕು.

ಉಳ್ಳಾಲ:
ಮಾಷ್ಟ್ರೇ, ಸೂತ್ರ ಸರಿ, ಊರು ನೋಡಲಿಲ್ಲ ನೀವು. ಮೈಕಿನಲ್ಲಿ "ಭಾಗವತಿ" ಅಂದರೆ ಇಲ್ಲಿಂದ ಕಾಸರಗೋಡಿನವರೆಗೆ ಕಿವಿಗೆ ಬೀಳುವುದು ದೇವಿ ಭಗವತಿ. ಚೀರುಂಭ ಭಗವತಿಯ ಊರಿನವ ಹೇಳುತ್ತಿದ್ದೇನೆ.

ಸಂಸ್ಕೃತದ ಲೆಕ್ಕವೇ ಹಿಡಿದರೆ ಲೇಖಿಕೆ, ಗಾಯಿಕೆ, ಶಿಕ್ಷಿಕೆ ಅನ್ನಬೇಕಿತ್ತು. ಕನ್ನಡ ಕೇಳಲಿಲ್ಲ. ಲೇಖಕಿ, ಗಾಯಕಿ, ಶಿಕ್ಷಕಿ ಮಾಡಿಕೊಂಡಿತು. ಮಂಗಳೂರಿನಲ್ಲೇ ಕರಾವಳಿ ಲೇಖಕಿಯರ, ವಾಚಕಿಯರ ಸಂಘ ಉಂಟು, ಸಾರಾ ಅಬೂಬಕ್ಕರ್ ಅಧ್ಯಕ್ಷರಾಗಿದ್ದ ಸಂಘ. ಅದರ ಬೋರ್ಡು ತಿದ್ದಲು ಹೋಗುತ್ತೀರಾ? "ಭಾಗವತೆ" ಬಳಕೆಗೆ ಬಂದಾಯಿತು, ಇರಲಿ.

ಕುಂಜಿಬೆಟ್ಟು:
ಬಳಕೆಗೆ ಬಂದದ್ದೆಲ್ಲ ಸಾಧುವಾಗುವುದಿಲ್ಲ.

ಕುಂದಾಪುರ:
ಪಾಣಿನಿಯ ಹಂಗು ಎಂತಕ್ಕೆ? ಸೂಲಗಿತ್ತಿ, ಒಕ್ಕಲಗಿತ್ತಿ, ಮಾಟಗಾತಿ ಅಂತ ಹೆಣ್ಣನ್ನು ಹೇಳುವುದು ಕನ್ನಡಕ್ಕೆ ಯಾವಾಗಲೋ ಗೊತ್ತು. ಸೂಲಗಿತ್ತಿಗೆ ಗಂಡುರೂಪವೇ ಇಲ್ಲ. "ಹಾಡುಗಾರ್ತಿ" ಅನ್ನಿ. ಬ್ಯಾನರಿಗೆ "ಹೆಣ್ಣು ಗಂಡು ಸರಿಸಮ". ಲಿಂಗ, ಸಮಾನತೆ, ಮಹಿಳೆ, ಸಂಸ್ಕೃತಿ, ಮಾಧ್ಯಮ ಇವುಗಳಲ್ಲಿ ಒಂದಾದರೂ ನಮ್ಮ ಮಾತು ಉಂಟಾ? ಎರವಲು ನುಡಿಯಲ್ಲಿ ಹೇಳಿದ ಸಮಾನತೆ ಪುರಭವನದ ಬಾಗಿಲು ದಾಟುವುದಿಲ್ಲ.

ಉಳ್ಳಾಲ:
"ಗಾರ" ಬಂದದ್ದೇ ಸಂಸ್ಕೃತದ "ಕಾರ"ದಿಂದ. ನಿಮ್ಮ ಹಾಡುಗಾರ್ತಿಯೂ ಅರ್ಧ ಎರವಲೇ.

ಕಿನ್ನಿಗೋಳಿ:
ಹಿಮ್ಮೇಳದಲ್ಲಿ ಮದ್ದಳೆ ಬಾರಿಸುವವಳು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ.

"ಹಾಡುಗಾರ್ತಿ" ಖಂಡಿತ ಬೇಡ. ಭಾಗವತರು ಹಾಡುವವರು ಮಾತ್ರ ಅಲ್ಲ, ಒಂದನೇ ವೇಷ ಅನ್ನುವುದು ಅವರನ್ನೇ. ಯಾವ ಪದ್ಯ ಎತ್ತಬೇಕು, ಯಾವುದನ್ನು ಬಿಡಬೇಕು, ವೇಷ ಎಷ್ಟು ಹೊತ್ತು ಕುಣಿಯಬೇಕು, ಹೊತ್ತಿಗೆ ಸರಿಯಾಗಿ ಪ್ರಸಂಗ ಹೇಗೆ ಮುಗಿಯಬೇಕು ಎಲ್ಲ ಅವರ ಕೈಯಲ್ಲಿ. ಹಾಡುಗಾರ್ತಿ ಅಂದ ಕೂಡಲೇ ಆ ಅಧಿಕಾರ ಹೋಯಿತು, ಸ್ವರ ಮಾತ್ರ ಉಳಿಯಿತು. ಹೆಂಗಸರನ್ನು ಹಾಡಲು ಬಿಟ್ಟು ಆಟ ನಡೆಸಲು ಬಿಡದವರಿಗೆ ಬಹಳ ಅನುಕೂಲದ ಪದ ಅದು.

ಲೀಲಾವತಿ ಬೈಪಾಡಿತ್ತಾಯರು ತೆಂಕಿನ ವೃತ್ತಿಮೇಳಗಳಲ್ಲಿ ಭಾಗವತಿಕೆ ಮಾಡಿದವರು. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, ಮರುವರ್ಷ ಡಿಸೆಂಬರಿನಲ್ಲಿ ತೀರಿಹೋದರು. ಅಂಥವರ ಹೆಸರಿನ ಹಿಂದೆಯೂ "ಮಹಿಳಾ ಭಾಗವತೆ" ಎಂದು ಬರೆದರು. "ಮಹಿಳಾ" ಒಮ್ಮೆ, ಎಕಾರ ಇನ್ನೊಮ್ಮೆ! ದಮಯಂತಿಯ ವೇಷ ಹಾಕುವ ಗಂಡಸನ್ನು ಸ್ತ್ರೀವೇಷಧಾರಿ ಅನ್ನುತ್ತೇವೆ, ಅದಕ್ಕೆ "ಪುರುಷ" ಅಂತ ಮುಂದೆ ಸೇರಿಸುವುದಿಲ್ಲ. ಗಂಡಸು ಹೆಣ್ಣುವೇಷ ಮಾಡುವಾಗ ಬೇಡವಾದ ಗುರುತು, ಹೆಂಗಸು ಜಾಗಟೆ ಹಿಡಿದಾಗ ಮಾತ್ರ ಯಾಕೆ ಬೇಕು? ಚರಿತ್ರೆ ಬರೆಯುವಾಗ "ಮೊದಲ ಮಹಿಳೆ" ಅನ್ನಿ, ಅದು ದಾಖಲಾಗಲೇಬೇಕು. ನಿತ್ಯದ ಹೆಸರಿಗೆ ಬಾಲದ ಹಾಗೆ ಕಟ್ಟಬೇಡಿ.

ನಮ್ಮಲ್ಲಿ "ರು" ಗಂಡೋ ಹೆಣ್ಣೋ ಕೇಳುವುದಿಲ್ಲ. ಭಾಗವತರು ಬಂದರು, ಭಾಗವತರು ಹಾಡಿದರು. ಸನ್ಮಾನಪತ್ರಕ್ಕೆ "ಭಾಗವತರು" ಸಾಕು. ಪ್ರಸಂಗದ ಕರಪತ್ರದಲ್ಲಿ "ಭಾಗವತಿಕೆ" ಎಂದು ಹಾಕಿ ಎದುರಿಗೆ ಹೆಸರು ಬರೆಯಿರಿ, ಚೆಂಡೆ, ಮದ್ದಳೆ ಬರೆಯುವ ಹಾಗೆಯೇ. ಹಾಗೆಯೇ ಆ ದಿನ ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಹೆಂಗಸರಿಗೆ ಬಟ್ಟೆ ಬದಲಾಯಿಸಲು ಬೇರೆ ಕೋಣೆ ಉಂಟೋ ಅಂತ ಸಂಘಟಕರನ್ನು ಕೇಳಿ.

ಮಣಿಪಾಲ:
ಅಕ್ಕ, "ಮಹಿಳಾ" ಬೇಡ ಅನ್ನುವುದು ಒಪ್ಪಿದೆ. "ರು" ಒಪ್ಪುವುದಿಲ್ಲ. ಪತ್ರಿಕೆಯಲ್ಲಿ ಕೆಲಸ ಮಾಡುವವಳು ನಾನು. "ಸಂಪಾದಕರು" ಅಂದಾಗ ಓದುವವರ ಕಣ್ಣಿಗೆ ಗಂಡಸೇ ಬರುತ್ತಾನೆ. ಬೆಂಗಳೂರಿನಲ್ಲಿ "ಸರಸ್ವತಿ" ಮಾಸಪತ್ರಿಕೆಯನ್ನು ದಶಕಗಳ ಕಾಲ ನಡೆಸಿದ ಆರ್. ಕಲ್ಯಾಣಮ್ಮನವರನ್ನು ಸಂಪಾದಕಿ ಅಂದರೆ ತಾನೇ ಈ ಕೆಲಸ ತನಗೂ ಇದೆ ಅಂತ ಹುಡುಗಿಗೆ ತಿಳಿಯುವುದು? ಭಾಗವತೆ ಎಂದೇ ಬರಲಿ. ಬ್ಯಾನರಿಗೆ "ಲಿಂಗತ್ವ". ಲಿಂಗತ್ವ ಅಲ್ಪಸಂಖ್ಯಾತರು ಎಂಬ ಬಳಕೆ ನಿಂತಿದೆ, ಹೊಸದಾಗಿ ಹುಟ್ಟಿಸಬೇಕಾಗಿಲ್ಲ.

ಕಿನ್ನಿಗೋಳಿ:
ಕಲ್ಯಾಣಮ್ಮ ಅನ್ನುವ ಹೆಸರೇ ಹೇಳುತ್ತದಲ್ಲ ತಂಗಿ.

ಕುಂಜಿಬೆಟ್ಟು:
ಕೇಶಿರಾಜ ಒಂಬತ್ತು ಲಿಂಗ ಹೇಳಿದ್ದಾನೆ, "ತ್ವ" ಅಂಟಿಸಲಿಲ್ಲ. ಕಿಟೆಲ್ 1872ರಲ್ಲಿ ಮಂಗಳೂರಿನಲ್ಲೇ ಅಚ್ಚು ಮಾಡಿಸಿದ ಶಬ್ದಮಣಿದರ್ಪಣ ತೆಗೆದು ನೋಡಿ.

ಮಣಿಪಾಲ:
ಕೇಶಿರಾಜ ಹೇಳಿದ್ದು ಶಬ್ದಗಳ ಲಿಂಗ. ಇಲ್ಲಿರುವುದು ಮನುಷ್ಯರ ಮಾತು.

ಪುತ್ತೂರು:
ವ್ಯಾಕರಣದ ಲಿಂಗದಿಂದ ಗೌರವ ಅಳೆಯಬೇಡಿ. ನಮ್ಮ ಹವ್ಯಕ ಭಾಷೆಯಲ್ಲಿ "ಅಬ್ಬೆ ಬಂತು" ಅನ್ನುತ್ತೇವೆ, ಹೆಂಗಸರಿಗೆ ನಪುಂಸಕದ ಕ್ರಿಯಾಪದ. ಅದರಿಂದ ಅಬ್ಬೆ ಕೀಳಾಗಲಿಲ್ಲ.

ಮಣಿಪಾಲ:
ಅಬ್ಬೆಯನ್ನು ಕೇಳಿದ್ದೀರಾ?

ಕುಂದಾಪುರ:
ನೋಡಿ, ಮತ್ತೆ ಸಂಸ್ಕೃತಕ್ಕೇ ಹೋದಿರಿ. ಗದ್ದೆಯಲ್ಲಿ ನೇಜಿ ನೆಡುತ್ತಾ ತುಳುವಿನ ಪಾಡ್ದನದ ಹಾಡು ಹೇಳಿದ ಹೆಂಗಸರು ಯಾವ "ಕಲಾವಿದೆ"ಯ ಪಟ್ಟವನ್ನೂ ಕೇಳಲಿಲ್ಲ.

ಕಿನ್ನಿಗೋಳಿ:
ಕೇಳಲಿಲ್ಲ, ಅದಕ್ಕೇ ಅವರ ಹೆಸರೂ ಉಳಿಯಲಿಲ್ಲ. ಪಟ್ಟ ಬೇಡ ಅನ್ನಲು ನೀವು ಯಾರು?

ಬಿಜೈ:
ಎಲ್ಲರಿಗೂ ಧನ್ಯವಾದ, ಅಚ್ಚಿಗೆ ಕಳುಹಿಸಿದೆ. ಸನ್ಮಾನಪತ್ರದಲ್ಲಿ "ತೆಂಕುತಿಟ್ಟಿನ ಭಾಗವತರು". ಕರಪತ್ರದಲ್ಲಿ ಕೆಲಸದ ಹೆಸರು, ಎದುರಿಗೆ ಅವರ ಹೆಸರು. ಭಾಗವತಿಕೆ, ಮದ್ದಳೆ, ನಿರೂಪಣೆ, ಬೆಳಕು ಎಲ್ಲವೂ ಹಾಗೆಯೇ. ಬ್ಯಾನರಿನಲ್ಲಿ "ಲಿಂಗ ಸಮಾನತೆ", ಕೆಳಗೆ ಸಣ್ಣ ಅಕ್ಷರದಲ್ಲಿ "ಹೆಣ್ಣು ಗಂಡು ಸರಿಸಮ". ಮಣಿಪಾಲದವರ "ಭಾಗವತೆ"ಯ ವಾದವನ್ನು ಗೋಷ್ಠಿಯಲ್ಲೇ ಎತ್ತಬಹುದು, ಪ್ರಶ್ನೋತ್ತರಕ್ಕೆ ಸಮಯ ಇಟ್ಟಿದ್ದಾರೆ. ಚೌಕಿಯ ಪಕ್ಕದ ಕೋಣೆ ಹೆಂಗಸರಿಗೆ ಎಂದು ಬಿಡಿಸಿಕೊಂಡಿದ್ದೇನೆ, ಚಿಲಕ ಹಾಕಿಸಲು ಹೇಳಿದೆ.

ಕುಂಜಿಬೆಟ್ಟು:
ಭಾಗವತಿ. ನನ್ನ ಮತ ಬದಲಾಗಿಲ್ಲ.