‘ಪಾಸಂಗ’: ಉಪಗ್ರಹ ಚಿತ್ರದ ಲೆಕ್ಕಕ್ಕೆ ಒಗ್ಗೀತೇ?

ನಮಸ್ಕಾರ. ಉಪಗ್ರಹ ಚಿತ್ರ ನೋಡಿ ಬೆಳೆ ಅಳೆಯುವ ಬಗೆಯನ್ನು ಮಂಡ್ಯದ ಕಡೆಯ ಹುಡುಗರಿಗೆ ಹೇಳಿಕೊಡಲು ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಕ್ಯಾಲಿಬ್ರೇಷನ್‌ಗೆ ‘ಮಾಪನಾಂಕ ನಿರ್ಣಯ’ ಅಂತಾರೆ, ಇರಲಿ. ನಾನು ಹುಡುಕುತ್ತಿರುವುದು ಅದರೊಳಗಿನ ಒಂದು ಸಣ್ಣ ಕೆಲಸಕ್ಕೆ ಹೆಸರು.

ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಕೋಶಕ್ಕೆ ಬೆಳಕೇ ಬೀಳದಿದ್ದರೂ ಅದು ಸೊನ್ನೆ ತೋರಿಸುವುದಿಲ್ಲ, ಏನೋ ಒಂದು ಅಂಕಿ ಕೊಡುತ್ತದೆ. ನಮ್ಮ ರಿಸೋರ್ಸ್‌ಸ್ಯಾಟ್-2 ಉಪಗ್ರಹದ ಲಿಸ್-4 ಕ್ಯಾಮೆರಾದಲ್ಲಿ ಇಂಥ ಸಾವಿರಾರು ಕೋಶಗಳು ಸಾಲಾಗಿ ಕೂತಿವೆ, ಒಂದೊಂದರ ಸುಳ್ಳು ಅಂಕಿಯೂ ಬೇರೆ. ಹೈದರಾಬಾದ್ ಬಳಿಯ ಶಾದ್‌ನಗರದಲ್ಲಿ ಇಳಿಸಿಕೊಂಡ ದತ್ತಾಂಶದಿಂದ ಇದನ್ನು ಕಳೆಯದೆ ಹೋದರೆ ಚಿತ್ರದುದ್ದಕ್ಕೂ ಲುಂಗಿಯ ಹಾಗೆ ಪಟ್ಟೆ.

‘ಶೂನ್ಯ ವಿಚಲನ’ ಎಂದು ಬರೆದು ಹೊಡೆದುಹಾಕಿದೆ. ಆಗ ನೆನಪಾದದ್ದು ತಾತನ ಅಂಗಡಿಯ ತಕ್ಕಡಿ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಖಾಲಿ ತಕ್ಕಡಿ ಎತ್ತಿ ಹಿಡಿದು, ಮೇಲೇಳುವ ತಟ್ಟೆಯ ಸರಪಳಿಗೆ ಚೂರು ಹುಣಸೆಹಣ್ಣು ಮೆತ್ತುತ್ತಿದ್ದರು. ಗಿರಾಕಿ ಅವಸರ ಮಾಡಿದರೆ “ತಡಿ ಕಣ್ಲಾ, ಪಾಸಂಗ ನೋಡ್ಬೇಕು” ಅನ್ನೋರು. (ಅದೇ ಹುಣಸೆಹಣ್ಣನ್ನು ತಟ್ಟೆಯಡಿ ಮೆತ್ತಿ ಮೋಸ ಮಾಡುವವರೂ ಇದ್ದರು, ಅದು ಬೇರೆ ಮಾತು.)

ಪದ ಸಿಕ್ಕಿತು ಅಂದುಕೊಂಡೆ. ಆದರೆ ಯುರೋಪಿನ ಸೆಂಟಿನೆಲ್-2 ಉಪಗ್ರಹ ತಲೆಕೆಡಿಸಿತು. 2022ರ ಜನವರಿ 25ರಿಂದ ಅದರ ಅಂಕಿಗಳಿಗೆ ಬೇಕೆಂದೇ 1000 ಸೇರಿಸುತ್ತಾರೆ. ನೀರು, ನೆರಳಿನಂಥ ಕಪ್ಪು ಜಾಗದ ಅಂಕಿ ಸೊನ್ನೆಗಿಂತ ಕೆಳಗಿಳಿದರೆ ಕಳೆದುಹೋಗಬಾರದಲ್ಲ, ಅದಕ್ಕೆ. ಬಳಸುವವರು ಆ ಸಾವಿರ ಕಳೆದುಕೊಳ್ಳಬೇಕು. ನಾನು ಮರೆತಿದ್ದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ಕಬ್ಬೆಲ್ಲ ಒಮ್ಮೆಗೇ ಬಡವಾದಂತೆ ಕಂಡಿತು! ಅತಿಗೆಂಪಿನಲ್ಲಿ 3500, ಕೆಂಪಿನಲ್ಲಿ 500 ಇದ್ದರೆ ಹಸಿರಿನ ಸೂಚ್ಯಂಕ (ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದ್ದು) 0.75. ಎರಡಕ್ಕೂ ಸಾವಿರ ಕೂಡಿಸಿದರೆ ಅದೇ ಪೈರಿಗೆ 0.5.

ಈಗ ನನ್ನ ಗೊಂದಲ ಇದು. ‘ತಕ್ಕಡಿಗೆ ಪಾಸಂಗ ಇದೆ’ ಅಂದರೆ ಅದರ ಐಬು. ‘ಪಾಸಂಗ ಕಟ್ಟು’ ಅಂದರೆ ಐಬು ತಿದ್ದುವ ತೂಕ. ಕೋಶದ ಸುಳ್ಳು ಅಂಕಿಗೆ ಮೊದಲ ಅರ್ಥ ಹೊಂದುತ್ತದೆ, ಈ ಸಾವಿರಕ್ಕೆ ಎರಡನೆಯದು ಹತ್ತಿರ. ಎರಡಕ್ಕೂ ಒಂದೇ ಪದ ಕೊಟ್ಟರೆ ಹುಡುಗರು ಕೂಡಬೇಕೋ ಕಳೆಯಬೇಕೋ ತಿಳಿಯದೆ ಒದ್ದಾಡುತ್ತಾರೆ. ನಿಮ್ಮ ಕಡೆ ಯಾವ ಅರ್ಥ ಬಳಕೆಯಲ್ಲಿದೆ? ‘ಅವನ ಪಾಸಂಗಕ್ಕೂ ಸಾಲದು’ ಅನ್ನುವಾಗಿನ ಪಾಸಂಗ ಈ ಎರಡರಲ್ಲಿ ಯಾವುದು?